ನಮ್ಮ ಕರಾವಳಿಗೆ ಹಳೇ ಓಬಿ ವ್ಯಾನೇ ಸರಿ

ಬೆನ್ನಿಗೆ ಬ್ಯಾಗ್ ಏರಿಸಿಕೊಂಡು ಲೈವ್ ಕೊಡುವ ಈಗಿನ ಹುಡುಗರು ಕೇಳುತ್ತಿರುತ್ತಾರೆ, ತಲೆ ಮೇಲೆ ಡಿಶ್ ಹೊತ್ತು, ಸ್ಥಳದಿಂದಲೇ ಉಪಗ್ರಹದ ಮೂಲಕ ಟಿವಿಗೆ ಲೈವ್ ಕಳಿಸುವ ಆ ದೊಡ್ಡ ಓಬಿ ವ್ಯಾನ್ ಅಷ್ಟು ಚೆನ್ನಾಗಿತ್ತಾ ಅಂತ. ಚೆನ್ನಾಗಿತ್ತು. ಕಾರವಾರದಲ್ಲಿ ಕ್ಯಾಮೆರಾ ಹಿಡಿದು ಬದುಕಿದವನು ನಾನು, ನನ್ನ ಮಾರ್ಕು ಇವತ್ತಿಗೂ ಅದಕ್ಕೇ ಜಾಸ್ತಿ.

ಮೊದಲು ನಮ್ಮದು ಕ್ಯಾಸೆಟ್ ಕಾಲ. ಅಂಕೋಲಾದಲ್ಲಿ ಏನಾದರೂ ಶೂಟ್ ಮಾಡಿದರೆ ಕ್ಯಾಸೆಟ್ಟನ್ನು ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಅರಬೈಲ್ ಘಟ್ಟದಲ್ಲಿ ಲಾರಿ ಅಡ್ಡ ನಿಲ್ಲದಿರಲಪ್ಪಾ ಅಂತ ಬೇಡಿಕೊಳ್ಳಬೇಕಿತ್ತು. ಸುದ್ದಿ ಹಳಸಿದ ಮೇಲೆ ಟಿವಿಯಲ್ಲಿ ಬರುತ್ತಿತ್ತು.

ಅಮೆರಿಕದಲ್ಲಿ 70ರ ದಶಕದಲ್ಲೇ ಲೈವ್ ವ್ಯಾನ್ ಇತ್ತು. 1974ರಲ್ಲಿ ಲಾಸ್ ಏಂಜಲೀಸ್‌ನ ಪೊಲೀಸ್ ಗುಂಡಿನ ಕಾಳಗವನ್ನು ಜನ ಮನೆಯಲ್ಲೇ ಕೂತು ನೋಡಿದ್ದರು. ಆದರೆ ಅದು ಮೈಕ್ರೋವೇವ್, ಅಂದರೆ ನೇರ ಗೆರೆಯಲ್ಲಿ ಹೋಗುವ ರೇಡಿಯೋ ಅಲೆ. ಕಳಿಸುವ ಆಂಟೆನಾಗೂ ಹಿಡಿಯುವ ಆಂಟೆನಾಗೂ ನಡುವೆ ಏನೂ ಅಡ್ಡ ಇರಬಾರದು. ಸಹ್ಯಾದ್ರಿಯ ಬುಡದಲ್ಲಿ ಅದು ಆಗುವ ಮಾತಲ್ಲ ಅಲ್ವಾ? 1984ರ ಹೊತ್ತಿಗೆ ಅಮೆರಿಕದಲ್ಲಿ ಕೆಯು ಬ್ಯಾಂಡ್ (ಉಪಗ್ರಹಕ್ಕೆ ಬಳಸುವ ಒಂದು ಬಗೆಯ ರೇಡಿಯೋ ಅಲೆ) ಉಪಗ್ರಹದ ಟ್ರಕ್ ಬಂತು, ನಮ್ಮನ್ನು ಉಳಿಸಿದ್ದೂ ಅದೇ ದಾರಿ. ಉಪಗ್ರಹ ಸುಮಾರು 36,000 ಕಿ.ಮೀ. ಮೇಲೆ. ಕಾರವಾರದಿಂದ ನಮ್ಮ ದೇಶದ ಇನ್ಸಾಟ್ ಉಪಗ್ರಹದ ಕಡೆ ತಿರುಗಿಸಿದರೆ ಡಿಶ್ ದಕ್ಷಿಣಕ್ಕೆ ಸ್ವಲ್ಪ ವಾಲಿ, ಹೆಚ್ಚುಕಡಿಮೆ ಆಕಾಶವನ್ನೇ ನೋಡುತ್ತದೆ. ಹಾಗಾಗಿ ಗುಡ್ಡದ ಮಗ್ಗುಲಲ್ಲಿ ನಿಂತರೂ ಸಿಗ್ನಲ್ ಸಿಗುತ್ತಿತ್ತು.

ವ್ಯಾನ್ ಬಂದು ನಿಂತರೆ ಮೊದಲು ಜಾಕ್ ಇಳಿಸಿ ಮಟ್ಟ ಮಾಡುವುದು, ಆಮೇಲೆ ಜನರೇಟರ್. ಡಿಶ್ ಮೆಲ್ಲಗೆ ಏಳುತ್ತದೆ, ಒಳಗೆ ಎಂಜಿನಿಯರ್ ಸ್ಕ್ರೀನಿನ ಗೆರೆ ನೋಡುತ್ತಾ ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಾ ಇರುತ್ತಾರೆ. ಉಪಗ್ರಹ ನೋಡಿಕೊಳ್ಳುವವರಿಂದ ಫೋನಿನಲ್ಲಿ ಅನುಮತಿ ಸಿಗುವವರೆಗೆ ಸಿಗ್ನಲ್ ಒಂದು ಚೂರೂ ಮೇಲಕ್ಕೆ ಬಿಡುವ ಹಾಗಿಲ್ಲ, ತಪ್ಪಿದರೆ ಇನ್ಯಾರದೋ ಚಾನೆಲ್ ಕೆಡುತ್ತದೆ. ಡಿಶ್ ಮುಂದೆ ಯಾರೂ ನಿಲ್ಲಬಾರದು. ಸುತ್ತ ಸೇರಿದ ಮಕ್ಕಳನ್ನು ದೂರ ಸರಿಸುವುದೇ ನನಗೆ ಇನ್ನೊಂದು ಕೆಲಸ.

ಕೊರತೆ ಅಂದರೆ ಮಳೆ. ವರ್ಷಕ್ಕೆ 3,000 ಮಿ.ಮೀ. ದಾಟುವ ಊರು ನಮ್ಮದು, ಕೆಯು ಬ್ಯಾಂಡನ್ನು ಮಳೆಹನಿ ನುಂಗಿಬಿಡುತ್ತದೆ. ಆಷಾಢದ ಮಳೆ ಜೋರಾಗಿ ಹೊಡೆದಾಗ ಚಿತ್ರ ಚೂರುಚೂರಾಗಿ ಒಡೆದು, ಆಮೇಲೆ ಕಪ್ಪು. ಮೊದಲೇ ಪವರ್ ಏರಿಸಲು ಜಾಗ ಇಟ್ಟುಕೊಂಡ ಎಂಜಿನಿಯರ್ ಇದ್ದರೆ ಮಾತ್ರ ಬಚಾವ್. ಆ್ಯಂಕರ್ ಕೇಳಿದ್ದಕ್ಕೆ ಇಲ್ಲಿಂದ ಕೊಟ್ಟ ಉತ್ತರ ತಡವಾಗಿ ಮುಟ್ಟುವುದು ಇನ್ನೊಂದು ತೊಂದರೆ, ಅದಕ್ಕೆ ಎಲ್ಲರೂ ಒಗ್ಗಿಕೊಂಡರು.

ಆದರೂ ಯಾಕೆ ಅದಕ್ಕೇ ಮಾರ್ಕು? ಈಗಿನ ಹುಡುಗರ ಬ್ಯಾಗಿನಲ್ಲಿರುವುದು ಮೊಬೈಲ್ ಸಿಮ್‌ಗಳು, ಚಿತ್ರ ಹೋಗುವುದು ಮೊಬೈಲ್ ಟವರ್ ಮೂಲಕ. ಗುಡ್ಡ ಕುಸಿದ ದಿನ ಕರೆಂಟ್ ಹೋಗುತ್ತದೆ, ಟವರ್ ಬ್ಯಾಟರಿ ಮುಗಿಯುತ್ತದೆ, ಉಳಿದ ಟವರಿಗೆ ಊರಿನವರು, ಪೊಲೀಸರು, ನಾವು ಎಲ್ಲರೂ ಜೋತುಬೀಳುತ್ತೇವೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದಂಥ ದಿನ ತನ್ನದೇ ಜನರೇಟರ್, ತನ್ನದೇ ದಾರಿ ಇರುವ ಗಾಡಿಯ ಬೆಲೆ ಗೊತ್ತಾಗುತ್ತದೆ. ಗಂಗಾವಳಿ ದಂಡೆಯಲ್ಲಿ ಮನೆಯವರಿಗಾಗಿ ಕಾಯುವ ಜನ ಇರುವಾಗ ಸುದ್ದಿ ಕಡಿಯಬಾರದು.

ಮಳೆಗಾಲಕ್ಕೆ ಬಾಡಿಗೆಗೆ ತಗೊಳ್ಳುವವರು ಡಿಶ್ ಎಷ್ಟು ದೊಡ್ಡದು, ಸಿಗ್ನಲ್‌ಗೆ ಬಲ ಕೊಡುವ ಆಂಪ್ಲಿಫೈಯರ್ ಎರಡಿದೆಯಾ ಅಂತ ಮೊದಲು ಕೇಳಿ. ಬರೀ ಬಾಡಿಗೆ ಕಡಿಮೆ ಅಂತ ಚಿಕ್ಕ ಡಿಶ್ ಗಾಡಿ ತರಿಸಬೇಡಿ. ಡೀಸೆಲ್ ಯಾರ ಲೆಕ್ಕ ಅನ್ನುವುದನ್ನೂ ಮೊದಲೇ ಬರೆಸಿಕೊಳ್ಳಿ.