ಬ್ಯಾಂಕಾಕಿನ ಅಗ್ಗದ ಸುಕಿ ಊಟ: ಹಂದಿಮಾಂಸ ಬೇಯುವ ಮೊದಲೇ ಗಡುವು ಮುಗಿಯುತ್ತದೆ

ಥಾಯ್ಲೆಂಡಿಗೆ ಪ್ರವಾಸ ಹೊರಟವರು, ಅದರಲ್ಲೂ ಹಂದಿಮಾಂಸ ತಿನ್ನುವವರು, ಅಲ್ಲಿನ ಅಗ್ಗದ ಸುಕಿ ಹೋಟೆಲಿಗೆ ಕಾಲಿಡುವ ಮುನ್ನ ಇದನ್ನು ಓದಿಕೊಳ್ಳಬೇಕೆಂದು ಬರೆಯುತ್ತಿದ್ದೇನೆ. ಸುಕಿ ಎಂದರೆ ಮೇಜಿನ ನಡುವಿನ ಒಲೆಯ ಮೇಲೆ ಸಾರಿನ ಪಾತ್ರೆಯಿಟ್ಟು, ತೆಳುವಾಗಿ ಕೊಯ್ದ ಮಾಂಸ, ಮೀನುಂಡೆ, ಎಲೆಕೋಸು, ಗಾಜಿನಂತಹ ಶಾವಿಗೆಗಳನ್ನು ನಾವೇ ಬೇಯಿಸಿಕೊಂಡು, ಮೆಣಸಿನಕಾಯಿ, ಬೆಳ್ಳುಳ್ಳಿ, ಎಳ್ಳು ಬೆರೆತ ಕೆಂಪು ಚಟ್ನಿಯಲ್ಲಿ ಅದ್ದಿ ತಿನ್ನುವ ಊಟ. ಹೆಸರು ಜಪಾನಿನ ಸುಕಿಯಾಕಿಯದಾದರೂ ಅಡುಗೆಯ ಬಗೆ ಚೀನೀಯರದು. ಕೋಕಾ ಎಂಬ ಹೋಟೆಲು 1957ರಿಂದ, ಎಂಕೆ ಸುಕಿ 1986ರಿಂದ ಇದನ್ನು ಬಡಿಸುತ್ತಿವೆ. ನಮಗೆ ಕೆಟ್ಟ ಅನುಭವವಾದದ್ದು ಇವೆರಡರಲ್ಲೂ ಅಲ್ಲ. ತಲೆಗೆ ಇನ್ನೂರು ಚಿಲ್ಲರೆ ಬಾತ್ (ಥಾಯ್ಲೆಂಡಿನ ಹಣ) ಕೊಟ್ಟರೆ ಬೇಕಾದಷ್ಟು ತಿನ್ನಬಹುದು ಎಂದು ಫಲಕ ಹಾಕಿಕೊಂಡಿದ್ದ, ನಡುರಾತ್ರಿ ದಾಟಿದರೂ ಜನ ಸಾಲುಗಟ್ಟುವ ಒಂದು ಹೋಟೆಲಿನಲ್ಲಿ.

ಬಿಲ್ಲಿನ ವಿಷಯವನ್ನು ಮೊದಲೇ ಹೇಳಿ ಮುಗಿಸುತ್ತೇನೆ. ದರದ ಪಕ್ಕದಲ್ಲಿ ಎರಡು ಕೂಡಿಸುವ ಗುರುತುಗಳಿದ್ದರೆ ಶೇ. 10 ಸೇವಾ ಶುಲ್ಕವೂ ಅದರ ಮೇಲೆ ಶೇ. 7 ತೆರಿಗೆಯೂ ಸೇರುತ್ತವೆ ಎಂದರ್ಥ. 100 ಬಾತ್ ಎಂದದ್ದು 117.70 ಆಗುತ್ತದೆ. ಕುಡಿಯುವ ನೀರಿಗೆ ಬೇರೆ ಲೆಕ್ಕ. ಇದು ಮೋಸವಲ್ಲ, ಅಲ್ಲಿನ ರೂಢಿ.

ನನ್ನ ಜೊತೆಗಿದ್ದ ಗೆಳೆಯ ಕೊಡಗಿನವನು. ಗಂಟೆಗಟ್ಟಲೆ ಮೆತ್ತಗೆ ಬೆಂದು ಕಾಚಂಪುಳಿಯ ಹುಳಿ ಹೀರಿದ ಪಂದಿ ಕರಿಯನ್ನೇ ತಿಂದು ಬೆಳೆದವನಿಗೆ, ಹಂದಿಮಾಂಸವನ್ನು ಸಾರಿನಲ್ಲಿ ಅದ್ದಿ ತೆಗೆದು ತಿನ್ನುವುದು ಹೊಸತು. ಕೂರುತ್ತಿದ್ದಂತೆಯೇ ಪರಿಚಾರಕಿ ಮೇಜಿನ ಮೇಲೆ ಒಂದು ಚೀಟಿ ಇಟ್ಟು ಹೋದಳು. ಒಂದೂವರೆ ಗಂಟೆಯೊಳಗೆ ಏಳಬೇಕು, ತಟ್ಟೆಯಲ್ಲಿ ಉಳಿಸಿದರೆ ತೂಕದ ಲೆಕ್ಕದಲ್ಲಿ ದಂಡ ಕಟ್ಟಬೇಕು ಎಂದು ಅದರಲ್ಲಿತ್ತು. ಇವೆರಡೂ ನಿಯಮಗಳು ಇಂತಹ ಹೋಟೆಲುಗಳಲ್ಲಿ ಸಾಮಾನ್ಯ, ಒಂದೊಂದನ್ನೇ ನೋಡಿದರೆ ನ್ಯಾಯವಾದವೂ ಹೌದು. ಆದರೆ ಒಲೆ ನೆಟ್ಟಗಿಲ್ಲದ ಮೇಜಿನಲ್ಲಿ ಇವೆರಡೂ ಸೇರಿದಾಗ ಏನಾಗುತ್ತದೆ ಎಂಬುದನ್ನು ಗಮನಿಸಬೇಕು.

ನಮ್ಮ ಮೇಜಿನ ವಿದ್ಯುತ್ ಒಲೆ ಸಾರನ್ನು ಕುದಿಸಲು ಬಹಳ ಹೊತ್ತು ತೆಗೆದುಕೊಂಡಿತು. ಒಂದು ತಟ್ಟೆ ಮಾಂಸ ಹಾಕಿದೊಡನೆ ಕುದಿ ನಿಂತುಹೋಗಿ, ಅಂಚಿನಲ್ಲಿ ನಾಲ್ಕು ಗುಳ್ಳೆ ಮಾತ್ರ ಏಳುತ್ತಿದ್ದವು. ಒಲೆ ಬದಲಿಸಿಕೊಡಿ ಎಂದು ಕೇಳಿದರೆ, ಬಿಸಿಯಾಗುತ್ತದೆ, ಕಾಯಿರಿ ಎಂಬ ಉತ್ತರ ಬಂತು. ಅಷ್ಟರಲ್ಲಿ ಸಾರು ಕಡಿಮೆಯಾಯಿತೆಂದು ಇನ್ನೊಬ್ಬ ಹುಡುಗ ಬಂದು, ಹೂಜಿಯಿಂದ ತಣ್ಣನೆಯ ಸಾರನ್ನು ಬೇಯುತ್ತಿದ್ದ ಮಾಂಸದ ಮೇಲೆಯೇ ಸುರಿದು ಹೋದ. ಅಲ್ಲಿ ಹೆಚ್ಚು ಬೇಡಿಕೆಯಿರುವುದು ಮಸಾಲೆ ಹಚ್ಚಿ, ಮೇಲೆ ಹಸಿ ಮೊಟ್ಟೆ ಒಡೆದು ಕೊಡುವ ಹಂದಿಮಾಂಸಕ್ಕೆ. ಅದನ್ನು ಕಲಸಿ ಪಾತ್ರೆಗೆ ಬಿಟ್ಟರೆ ಮೊಟ್ಟೆ ಮೊದಲು ಗಟ್ಟಿಯಾಗಿ ತುಂಡುಗಳನ್ನೆಲ್ಲ ಒಂದು ಮುದ್ದೆಯಾಗಿ ಹಿಡಿದುಕೊಳ್ಳುತ್ತದೆ. ಹೊರಗೆ ಬೂದುಬಣ್ಣ ಬಂದು ಬೆಂದಂತೆ ಕಂಡರೂ ಬಿಡಿಸಿ ನೋಡಿದಾಗ ಒಳಗೆ ಗುಲಾಬಿಯಾಗಿಯೇ ಇತ್ತು. ಹಳದಿ ದೀಪದ ಬೆಳಕಿನಲ್ಲಿ ಅದೂ ಸರಿಯಾಗಿ ಕಾಣುವುದಿಲ್ಲ. ಕೊನೆಯ ಹತ್ತು ನಿಮಿಷವಿದೆ ಎಂದು ಸಿಬ್ಬಂದಿ ಬಂದು ಎಚ್ಚರಿಸಿದಾಗ, ದಂಡ ತಪ್ಪಿಸಿಕೊಳ್ಳಲು ನಮ್ಮ ಸುತ್ತಲಿನ ಮೇಜುಗಳಲ್ಲಿಯೂ ಉಳಿದ ಮಾಂಸ, ಈಲಿ (ಲಿವರ್) ಎಲ್ಲವೂ ಒಟ್ಟಿಗೆ ಪಾತ್ರೆಗೆ ಬೀಳುತ್ತಿದ್ದವು.

ಇದಕ್ಕಿಂತ ದೊಡ್ಡ ಅಪಾಯ ಚಾಪ್‌ಸ್ಟಿಕ್‌ಗಳದು. ಒಬ್ಬೊಬ್ಬರಿಗೆ ಒಂದೇ ಜೊತೆ ಕೊಟ್ಟಿದ್ದರು. ಹಸಿ ಮಾಂಸ ಎತ್ತಲು ಬೇರೆ ಇಕ್ಕಳ ಕೇಳಿದರೆ ಖಾಲಿಯಾಗಿದೆ ಎಂದರು. ಹಸಿ ಮಾಂಸ ಮುಟ್ಟಿದ ಕಡ್ಡಿಯೇ ಬಾಯಿಗೂ ಹೋದರೆ ಪಾತ್ರೆಯಲ್ಲಿ ಎಷ್ಟು ಬೇಯಿಸಿದರೂ ಪ್ರಯೋಜನವಿಲ್ಲ.

ಮರುದಿನ ಗೆಳೆಯನಿಗೆ ವಾಂತಿ, ಭೇದಿ, ಚಳಿಜ್ವರ. ಆಸ್ಪತ್ರೆಯಲ್ಲಿ ವೈದ್ಯರು ಹಂದಿಮಾಂಸ ತಿಂದಿರಾ ಎಂದು ಮೊದಲು ಕೇಳಿ, ಆಮೇಲೆ ಕಿವಿ ಸರಿಯಾಗಿ ಕೇಳಿಸುತ್ತಿದೆಯೇ, ಕತ್ತು ಬಿಗಿದಿದೆಯೇ ಎಂದು ಪರೀಕ್ಷಿಸಿದ್ದು ನಮಗೆ ವಿಚಿತ್ರವೆನಿಸಿತು. ಕಾರಣ ಆಮೇಲೆ ತಿಳಿಯಿತು. ಹಂದಿಯ ಗಂಟಲು, ಮೂಗಿನಲ್ಲಿರುವ ಸ್ಟ್ರೆಪ್ಟೊಕಾಕಸ್ ಸುಯಿಸ್ ಎಂಬ ಬ್ಯಾಕ್ಟೀರಿಯಾ ಬೇಯದ ಮಾಂಸದಿಂದಲೂ, ಕೈಯ ಗಾಯದ ಮೂಲಕವೂ ಮನುಷ್ಯರಿಗೆ ಅಂಟಿ ಮಿದುಳುಪೊರೆಯ ಉರಿಯೂತ ತರುತ್ತದೆ. ಬದುಕುಳಿದವರಲ್ಲಿ ಹಲವರಿಗೆ ಕಿವುಡು ಶಾಶ್ವತವಾಗಿ ಉಳಿಯುತ್ತದೆ. ಥಾಯ್ ಜನ ಅದನ್ನು 'ಹೂ ದಪ್' ಜ್ವರ, ಅಂದರೆ ಕಿವಿ ಕೆಡಿಸುವ ಜ್ವರ ಎನ್ನುತ್ತಾರೆ. ಹಂದಿಮಾಂಸವನ್ನು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 10 ನಿಮಿಷ ಬೇಯಿಸಿ, ಹಸಿ ಮಾಂಸಕ್ಕೂ ಬೆಂದದ್ದಕ್ಕೂ ಬೇರೆ ಬೇರೆ ಇಕ್ಕಳ ಬಳಸಿ ಎಂದು ಅಲ್ಲಿನ ರೋಗ ನಿಯಂತ್ರಣ ಇಲಾಖೆ ಮತ್ತೆ ಮತ್ತೆ ಹೇಳುತ್ತದೆ. ಪುಣ್ಯಕ್ಕೆ ಗೆಳೆಯನದು ಕರುಳಿನ ಸೋಂಕು ಮಾತ್ರವಾಗಿತ್ತು. ಡ್ರಿಪ್ ಹಾಕಿಸಿಕೊಂಡು ಸುಧಾರಿಸಿಕೊಂಡ. ಅದು ಆ ಊಟದಿಂದಲೇ ಬಂತೆಂದು ಸಾಬೀತು ಮಾಡಲಾಗದು. ಆದರೆ ಒಲೆ, ಇಕ್ಕಳಗಳ ಬಗ್ಗೆ ದೂರಿದಾಗ ವ್ಯವಸ್ಥಾಪಕರು ಮುಂದಿನ ಊಟಕ್ಕೆ ರಿಯಾಯಿತಿ ಕೂಪನ್ ನೀಡಲು ಬಂದರೇ ಹೊರತು ಒಲೆಯನ್ನು ಪರೀಕ್ಷಿಸುತ್ತೇವೆ ಎನ್ನಲಿಲ್ಲ. ಅಸ್ವಸ್ಥನಾಗಿ ಮಲಗಿದವನಿಗೆ ಅದೇ ಹೋಟೆಲಿನ ಇನ್ನೊಂದು ಊಟವನ್ನು ಪರಿಹಾರವಾಗಿ ಕೊಡುವವರಿಗೆ ಏನು ಹೇಳುವುದು!

ಆದ್ದರಿಂದ ಕುಳಿತ ಕೂಡಲೇ ಒಲೆಯನ್ನು ಗರಿಷ್ಠಕ್ಕಿಟ್ಟು, ಸಾರು ತಳದಿಂದ ಕುದಿಯುವುದನ್ನು ನೋಡಿದ ಮೇಲಷ್ಟೇ ಮಾಂಸಕ್ಕೆ ಹೇಳಿ. ಕುದಿಯದಿದ್ದರೆ ಏನನ್ನೂ ತರಿಸದೆ ಮೇಜು ಬದಲಿಸಲು ಹೇಳಿ. 'ಖೊ ತಕಿಯಪ್ ಇಕ್ ಖೂ' ಎಂದರೆ ಇನ್ನೊಂದು ಜೊತೆ ಚಾಪ್‌ಸ್ಟಿಕ್ ಕೊಡಿ ಎಂದರ್ಥ. ಇಕ್ಕಳ ಇಲ್ಲ ಎನ್ನುವವರೂ ಕಡ್ಡಿ ಇಲ್ಲ ಎನ್ನಲಾರರು. ಒಂದು ಸಲಕ್ಕೆ ಒಂದೇ ತಟ್ಟೆ ಮಾಂಸ ತರಿಸಿ, ಈಲಿಯನ್ನು ಬಿಟ್ಟುಬಿಡಿ, ಕೊನೆಯ ಹತ್ತು ನಿಮಿಷದಲ್ಲಿ ಉಳಿದದ್ದಕ್ಕೆ ದಂಡ ಕಟ್ಟಿ ಎದ್ದು ಬನ್ನಿ. ಗ್ರಾಹಕ ರಕ್ಷಣೆಯ ದೂರಿಗೆ ಅಲ್ಲಿ 1166, ರೋಗ ನಿಯಂತ್ರಣ ಇಲಾಖೆಗೆ 1422 ಸಂಖ್ಯೆಗಳಿವೆ, ಬಿಲ್ಲನ್ನು ಎಸೆಯಬೇಡಿ. ಪ್ರವಾಸ ಮುಗಿಸಿ ಬೆಂಗಳೂರಿಗೋ ಮಡಿಕೇರಿಗೋ ಮರಳಿದ ಮೇಲೆ ಜ್ವರ, ತೀವ್ರ ತಲೆನೋವು, ಕಿವಿ ಮಂದವಾಗುವುದು ಕಾಣಿಸಿಕೊಂಡರೆ, ಥಾಯ್ಲೆಂಡಿನಲ್ಲಿ ಅರೆಬೆಂದ ಹಂದಿಮಾಂಸ ತಿಂದಿದ್ದೆ ಎಂಬುದನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಇಲ್ಲಿ ಅದನ್ನು ಅವರಾಗಿಯೇ ಕೇಳುವ ಸಂಭವ ಕಡಿಮೆ.