ಮಿನಿ ಲೇತಿಗೆ ಯಾವ ಟೂಲ್: ಎಚ್‌ಎಸ್‌ಎಸ್ ಅಥವಾ ಕಾರ್ಬೈಡ್?

ಹವ್ಯಾಸದ ಮಿನಿ ಲೇತಿಗೆ (ಲೋಹವನ್ನು ತಿರುಗಿಸಿ ಕಡೆಯುವ ಪುಟ್ಟ ಯಂತ್ರಕ್ಕೆ) ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್ ಎಂಬ ಗಟ್ಟಿ ಉಕ್ಕಿನ) ಟೂಲ್ ಕೊಳ್ಳಬೇಕೇ, ಕಾರ್ಬೈಡ್ ಇನ್ಸರ್ಟ್ (ಟೂಲಿನ ತುದಿಗೆ ಕೂರಿಸುವ, ಉಕ್ಕಿಗಿಂತ ಗಡುಸಾದ ಪುಟ್ಟ ತುಂಡು) ಕೊಳ್ಳಬೇಕೇ ಎಂಬುದನ್ನು ಯಂತ್ರದ ಶಕ್ತಿಯೇ ಬಹುಮಟ್ಟಿಗೆ ನಿರ್ಧರಿಸುತ್ತದೆ. ಉಕ್ಕಿಗೆಂದು ಮಾಡಿದ ಸಾಮಾನ್ಯ ಇನ್ಸರ್ಟ್‌ನ ಅಂಚು ಬೇಗ ಮುರಿಯದಿರಲೆಂದು ಅದನ್ನು ತುಸು ದುಂಡಗಾಗಿಸಿರುತ್ತಾರೆ. ಅದು ಚೆನ್ನಾಗಿ ಕತ್ತರಿಸಲು ಹೆಚ್ಚಿನ ವೇಗವೂ ಆಳವಾದ ಕಡಿತವೂ ಬೇಕು, ಆದರೆ ಹಗುರವಾದ ಪುಟ್ಟ ಲೇತು ಅಷ್ಟು ಒತ್ತಡಕ್ಕೆ ಅದುರುತ್ತದೆ. ಸಾಣೆ ಹಿಡಿದ ಎಚ್‌ಎಸ್‌ಎಸ್ ಅಂಚಾದರೋ ಕಡಿಮೆ ಬಲದಲ್ಲಿಯೇ ತೆಳುವಾದ ಪದರವನ್ನು ಸಲೀಸಾಗಿ ತೆಗೆಯುತ್ತದೆ: 20 ಮಿ.ಮೀ. ವ್ಯಾಸದ ಮೈಲ್ಡ್ ಸ್ಟೀಲ್ ಸರಳಿಗೆ ನಿಮಿಷಕ್ಕೆ ಸುಮಾರು 450 ಸುತ್ತು ಸಾಕು, ಕಾರ್ಬೈಡಿಗೆ ಅದರ ಮೂರು ಪಟ್ಟಾದರೂ ಬೇಕು.

ಸಾಣೆಯ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು. ಎಚ್‌ಎಸ್‌ಎಸ್‌ಗೆ ಮಾಮೂಲಿ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು ಸಾಕು; ಬಿಸಿಯಾದಂತೆ ನೀರಿನಲ್ಲಿ ಅದ್ದುತ್ತಾ ಹೋಗಬಹುದು, ಕೊನೆಗೆ ಎಣ್ಣೆಕಲ್ಲಿನ ಮೇಲೆ ನಾಲ್ಕು ಬಾರಿ ಎಳೆದರೆ ಕೆಲಸದ ಮೇಲ್ಮೈ ನುಣುಪಾಗಿ ಬರುತ್ತದೆ. ಕಾರ್ಬೈಡಿಗೆ ವಜ್ರದ ಚಕ್ರ ಅಥವಾ ಹಸಿರು ಸಿಲಿಕಾನ್ ಕಾರ್ಬೈಡ್ ಕಲ್ಲು ಬೇಕು; ಕಾದಾಗ ನೀರಿಗದ್ದಿದರೆ ಅದು ಬಿರುಕು ಬಿಡುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಮುಖಗವಸನ್ನು ಎಂದೂ ಮರೆಯಬಾರದು. ಗಟ್ಟಿ ಉಕ್ಕಿಗೆ, ಬೀಡುಕಬ್ಬಿಣದ ಹೊರಪದರಕ್ಕೆ ಮಾತ್ರ ನಾನು ಕಾರ್ಬೈಡ್ ಬಳಸುತ್ತೇನೆ. ಅಲ್ಯೂಮಿನಿಯಂಗೆಂದು ಹೊಳಪು ಕೊಟ್ಟ ಹರಿತವಾದ ಇನ್ಸರ್ಟ್ ಇದಕ್ಕೆ ಅಪವಾದ. ಹಗುರವಾದ ಕಡಿತದಲ್ಲಿ ಅದು ಉಕ್ಕನ್ನೂ ಚೆನ್ನಾಗಿ ಕತ್ತರಿಸುತ್ತದೆ. ಯಾವುದನ್ನೇ ಕೊಂಡರೂ ಮೊದಲು ಗಿಬ್ ಸ್ಕ್ರೂಗಳ (ಲೇತಿನ ಜಾರುವ ಭಾಗಗಳನ್ನು ಬಿಗಿಗೊಳಿಸುವ ಸ್ಕ್ರೂಗಳ) ಸಡಿಲವನ್ನು ತೆಗೆದು, ಟೂಲಿನ ತುದಿಯನ್ನು ಸ್ಪಿಂಡಲ್‌ನ (ಲೋಹವನ್ನು ತಿರುಗಿಸುವ ದಂಡದ) ಮಧ್ಯರೇಖೆಯ ಎತ್ತರಕ್ಕೆ ಸರಿಹೊಂದಿಸಿರಿ.