ಸಿಎನ್‌ಜಿಯ ಹಳೆಯ ಸೂಪರ್ ಕ್ಯಾರಿಯಲ್ಲಿ ನಿಕಲ್ ಪ್ಲಗ್ ಮತ್ತು ಇರಿಡಿಯಂ ಪ್ಲಗ್: ದೀರ್ಘಕಾಲ ಬಳಸಿದ ಮೇಲೆ

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟಿನ ಮಾರ್ಗವಾಗಿ ಗೋವೆಗೆ ತರಕಾರಿ ಒಯ್ಯುವ ನಮ್ಮ ಗಾಡಿ 1196 ಸಿಸಿಯ, ನಾಲ್ಕು ಸಿಲಿಂಡರಿನ ಹಳೆಯ ಮಾರುತಿ ಸೂಪರ್ ಕ್ಯಾರಿ. ಪೆಟ್ರೋಲ್ ಟ್ಯಾಂಕು 5 ಲೀಟರಿನಷ್ಟೇ ಇರುವುದರಿಂದ ಅದು ಓಡುವುದೆಲ್ಲ ಗ್ಯಾಸಿನ ಮೇಲೆಯೇ. ಸಿಲಿಂಡರಿನೊಳಗೆ ಕಿಡಿ ಹಾರಿಸಿ ಇಂಧನ ಹೊತ್ತಿಸುವ ಸ್ಪಾರ್ಕ್ ಪ್ಲಗ್‌ಗಳಲ್ಲಿ, ಈ ಗಾಡಿಗೆ ಮೊದಲು ಸಾಮಾನ್ಯ ನಿಕಲ್ ತುದಿಯವನ್ನು, ಆಮೇಲೆ ಎನ್‌ಜಿಕೆ ಕಂಪನಿಯ ಇರಿಡಿಯಂ ತುದಿಯವನ್ನು ಹಾಕಿ ಓಡಿಸಿದ್ದೇವೆ. ಡೀಸೆಲ್ ಗಾಡಿಗಳಿಗೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲವಾದ್ದರಿಂದ ಅವುಗಳ ಮಾಲೀಕರು ಇದನ್ನು ಓದಬೇಕಾದ ಅಗತ್ಯವಿಲ್ಲ.

ಗ್ಯಾರೇಜಿನಲ್ಲಿ ಪ್ಲಗ್ ಬಿಚ್ಚಿದ ಕೂಡಲೇ ಎಲ್ಲರೂ ನೋಡುವುದು ಬಣ್ಣವನ್ನು. ಪಿಂಗಾಣಿಯ ತುದಿ ತಿಳಿಕಂದು ಅಥವಾ ಬೂದು ಬಣ್ಣದ್ದಾಗಿದ್ದರೆ ಎಂಜಿನ್ ಸರಿಯಿದೆ, ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ, ಜಿಡ್ಡಾಗಿ ಕಪ್ಪಗಿದ್ದರೆ ಆಯಿಲ್ ಒಳಗೆ ಬರುತ್ತಿದೆ ಎಂಬ ಲೆಕ್ಕ ಪೆಟ್ರೋಲ್ ಗಾಡಿಗೆ ಇಂದಿಗೂ ಸರಿಯೇ. ಆದರೆ ಸಿಎನ್‌ಜಿ ಮಸಿ ಬಿಡದೆ ಉರಿಯುವುದರಿಂದ ಗ್ಯಾಸಿನ ಗಾಡಿಯ ಪ್ಲಗ್ ಸಂಪೂರ್ಣ ಸವೆದಿದ್ದರೂ ನೋಡಲು ಸ್ವಚ್ಛವಾಗಿಯೇ ಕಾಣುತ್ತದೆ. ‘ಇನ್ನೂ ಛಲೋ ಅದಾವ್ರಿ, ಒರೆಸಿ ಹಾಕ್ತೀನಿ’ ಎಂದು ಮಿಸ್ತ್ರಿ ಹೇಳಿದಾಗ ಒಪ್ಪಿಕೊಳ್ಳುವ ಮುನ್ನ ಪ್ಲಗ್‌ನ ಸಂದು ಅಳೆಯುವ ಫೀಲರ್ ಗೇಜ್ ಕೇಳಬೇಕು.

ನೋಡಬೇಕಾದದ್ದು ನಡುವಿನ ಎಲೆಕ್ಟ್ರೋಡಿನ, ಅಂದರೆ ಲೋಹದ ತುದಿಯ ಅಂಚನ್ನು ಮತ್ತು ಕಿಡಿ ದಾಟುವ ಸಂದಾದ ಗ್ಯಾಪನ್ನು. ಹೊಸ ನಿಕಲ್ ಪ್ಲಗ್‌ನಲ್ಲಿ ಆ ಅಂಚು ಚೂಪಾಗಿರುತ್ತದೆ. ಕಿಡಿ ಹಾರುತ್ತ ಹಾರುತ್ತ ಅದು ದುಂಡಗಾಗಿ, ಗ್ಯಾಪ್ ಹಿಗ್ಗುತ್ತ ಹೋಗುತ್ತದೆ. ಸಿಎನ್‌ಜಿ ಮಿಶ್ರಣದಲ್ಲಿ ಕಿಡಿ ಹಾರಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು, ಎಕ್ಸಲರೇಟರ್ ಪೂರ್ತಿ ಒತ್ತಿದಾಗ ಸಿಲಿಂಡರಿನ ಒತ್ತಡವೂ ಏರುವುದರಿಂದ ಆ ಬೇಡಿಕೆ ಇನ್ನಷ್ಟು ಹೆಚ್ಚುತ್ತದೆ. ಹೀಗಾಗಿ ಸವೆದ ಪ್ಲಗ್ ಬೆಳಗಾವಿಯ ಖಡೇಬಜಾರಿನ ಗದ್ದಲದಲ್ಲಿ ಏನೂ ತೊಂದರೆ ಕೊಡದೆ, ಗೋವೆಯಿಂದ ಮರಳಿ ಘಾಟು ಹತ್ತುವಾಗ ಕಿಡಿ ತಪ್ಪಿ ಮಿಸ್ಸಿಂಗ್ ಹೊಡೆಯುತ್ತದೆ. ನಮ್ಮ ಗಾಡಿಯಲ್ಲಿ ಪ್ರತಿ ಸಲವೂ ಮೊದಲ ಸೂಚನೆ ದೊರೆತದ್ದು ಅಲ್ಲಿಯೇ. ಪೆಟ್ರೋಲಿಗೆ ಬದಲಿಸಿದೊಡನೆ ಮಿಸ್ಸಿಂಗ್ ಕಡಿಮೆಯಾದರೆ ಗ್ಯಾಸ್ ಕಿಟ್‌ಗೆ ಕೈ ಹಚ್ಚುವ ಮೊದಲು ಪ್ಲಗ್ ಬಿಚ್ಚಿ ನೋಡುವುದು ಅಗ್ಗದ ದಾರಿ.

ಇರಿಡಿಯಂ ಪ್ಲಗ್‌ನ ಹೆಚ್ಚುಗಾರಿಕೆ ಕಾಣುವುದೂ ಇಲ್ಲಿಯೇ. ನಿಕಲ್ ಸುಮಾರು 1455 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ, ಇರಿಡಿಯಂ ಕರಗಲು 2400 ಡಿಗ್ರಿ ದಾಟಬೇಕು. ಅಷ್ಟು ಗಟ್ಟಿಯಾದುದರಿಂದಲೇ ಅದರ ತುದಿಯನ್ನು 0.6 ಮಿಲಿಮೀಟರಿನಷ್ಟು ಸಣ್ಣಗೆ ಮಾಡಲು ಸಾಧ್ಯವಾಗಿದೆ, ಸಣ್ಣ ತುದಿಯಿಂದ ಕಿಡಿ ಕಡಿಮೆ ವೋಲ್ಟೇಜಿನಲ್ಲಿ ಹಾರುತ್ತದೆ. ಘಾಟಿನ ಏರಿನಲ್ಲಿ ಗಾಡಿ ಮುಗ್ಗರಿಸದೆ ಎಳೆಯಿತು, ನಿಕಲ್ ಪ್ಲಗ್ ಬದಲಿಸಬೇಕಾಗಿ ಬರುತ್ತಿದ್ದ ಅವಧಿ ಕಳೆದ ಮೇಲೂ ಗ್ಯಾಪ್ ಬಹುತೇಕ ಹಾಗೆಯೇ ಇತ್ತು. ಮೈಲೇಜ್ ಹೆಚ್ಚುತ್ತದೆ ಎಂದು ಅಂಗಡಿಯವರು ಹೇಳುವ ಮಾತಿಗೆ ಮಾತ್ರ ನಮ್ಮ ಗಾಡಿಯಲ್ಲಿ ಆಧಾರ ಸಿಗಲಿಲ್ಲ.

ಆದರೂ ಒಂದು ಸಿಲಿಂಡರಿನ ಇರಿಡಿಯಂ ಪ್ಲಗ್ ಬೇಗನೆ ಕೆಟ್ಟಿತು. ಅದರ ತುದಿಯಲ್ಲಿ ಬಿಳಿಚಿದ ಬೂದಿ ಗಟ್ಟಿಯಾಗಿ ಕೂತಿತ್ತು, ಉಳಿದ ಮೂರರಲ್ಲಿ ಅದರ ಸುಳಿವೇ ಇರಲಿಲ್ಲ. ಅದು ಪ್ಲಗ್‌ನ ದೋಷವಲ್ಲ: ಎಕ್ಸಲರೇಟರ್ ಬಿಟ್ಟು ಘಾಟು ಇಳಿಯುವಾಗ ಗಾಳಿ ಒಳಹೋಗುವ ಇನ್‌ಟೇಕಿನಲ್ಲಿ ಉಂಟಾಗುವ ನಿರ್ವಾತವು ಆಯಿಲ್ ತಡೆಯಬೇಕಾದ, ಆದರೆ ಸವೆದ ವಾಲ್ವ್ ಸೀಲಿನ ಮೂಲಕ ಆಯಿಲನ್ನು ಒಳಕ್ಕೆ ಎಳೆಯುತ್ತದೆ, ಅದು ಉರಿದು ಬೂದಿಯಾಗುತ್ತದೆ. ಆದ್ದರಿಂದ ನಾಲ್ಕೂ ಪ್ಲಗ್‌ಗಳನ್ನು ಸಿಲಿಂಡರಿನ ಕ್ರಮದಲ್ಲಿಯೇ ಸಾಲಾಗಿ ಇಟ್ಟು ನೋಡಬೇಕು. ಒಂದೇ ಡಬ್ಬಿಗೆ ಹಾಕಿದರೆ ಯಾವ ಸಿಲಿಂಡರಿನ ದೂರು ಎಂಬುದು ತಿಳಿಯುವುದಿಲ್ಲ. ಪಿಂಗಾಣಿಯ ಹೊರಭಾಗದಲ್ಲಿ, ಲೋಹದ ಅಂಚಿನ ಮೇಲೆ ಕಾಣುವ ಕಂದು ಉಂಗುರವನ್ನು ಕಂಡು ಸಿಲಿಂಡರಿನೊಳಗಿನ ಉರಿದ ಗ್ಯಾಸ್ ಸೋರುತ್ತಿದೆ ಎಂದು ಹೆದರುವವರಿದ್ದಾರೆ. ಅದು ಹೆಚ್ಚು ವೋಲ್ಟೇಜಿನಿಂದಾಗಿ ಗಾಳಿಯಲ್ಲಿರುವ ಎಣ್ಣೆ, ಧೂಳಿನ ಕಣ ಅಂಟಿಕೊಂಡು ಆದ ಕಲೆ, ಹಾನಿಯಿಲ್ಲ.

ಈ ಗಾಡಿಯಲ್ಲಿ ಎಂಜಿನ್ ಸೀಟಿನ ಕೆಳಗಿದೆ, ರಸ್ತೆಯ ಧೂಳೆಲ್ಲ ಪ್ಲಗ್ ಕುಳಿಯಲ್ಲಿ ಸೇರುತ್ತದೆ. ಎಂಜಿನ್ ತಣ್ಣಗಾದ ಮೇಲೆ ಗಾಳಿ ಹೊಡೆದು ಸ್ವಚ್ಛಗೊಳಿಸಿಯೇ ಪಾನಾ (ಸ್ಪ್ಯಾನರ್) ಹಚ್ಚಬೇಕು. ಹೊಸ ಪ್ಲಗ್ ಮೊದಲು ಕೈಯಿಂದಲೇ ಪೂರ್ತಿ ತಿರುಗಿ ಕೂರಬೇಕು, ವಾಷರ್ ಇರುವ 14 ಮಿಲಿಮೀಟರ್ ಪ್ಲಗ್‌ಗೆ ಆಮೇಲೆ ಪಾನಾದಿಂದ ಅರ್ಧದಿಂದ ಮೂರನೇ ಎರಡು ಸುತ್ತು ಸಾಕು. ಪ್ಲಗ್ ಕೂರುವ ಎಂಜಿನ್ ಹೆಡ್ ಅಲ್ಯೂಮಿನಿಯಂನದು, ಜಗ್ಗಿ ಬಿಗಿದರೆ ಆಟೆ (ತಿರುಪಿನ ಎಳೆ) ಹೋಗುತ್ತದೆ. ಇರಿಡಿಯಂ ತುದಿಗೆ ತಂತಿ ಬ್ರಷ್ ತಾಗಿಸಲೇಬಾರದು.

ಆಯಿಲ್ ಕುಡಿಯದ ಎಂಜಿನ್ನಿಗೆ, ದಿನವೂ ಘಾಟು ಹತ್ತುವ ಗಾಡಿಗೆ ಇರಿಡಿಯಂ ಕೊಟ್ಟ ಹಣಕ್ಕೆ ತಕ್ಕದ್ದು. ಆಯಿಲ್ ಇಳಿಯುತ್ತಿರುವ ಗಾಡಿಗೆ ವಾಲ್ವ್ ಸೀಲಿನ ಕೆಲಸ ಆಗುವವರೆಗೆ ನಿಕಲ್ ಪ್ಲಗ್‌ಗಳನ್ನೇ ಹಾಕಿ, ಅವಧಿಗೆ ಸರಿಯಾಗಿ ಬದಲಿಸುವುದು ಲೇಸು. ನಮ್ಮದಕ್ಕೂ ಸದ್ಯ ಅವೇ ಇವೆ.